ಬನೀನಿನ ಜಮಾ-ಖರ್ಚು

ಕೊಯಮತ್ತೂರಿನ ನಮ್ಮ ಮನೆಯ ಫ್ರಿಜ್ಜಿನ ಬಾಗಿಲಿಗೆ ಈಗ ಒಂದು ಚಿತ್ರ ಅಂಟಿಕೊಂಡಿದೆ. ಒಂದನೇ ಕ್ಲಾಸಿನ ಮೊಮ್ಮಗಳಿಗೆ ಶಾಲೆಯಲ್ಲಿ, ಮನೆಯಲ್ಲಿ ತೊಡುವ ಯಾವುದಾದರೂ ಒಂದು ಬಟ್ಟೆಯ ಚಿತ್ರ ಬರೆದು ತನ್ನಿ ಅಂದಿದ್ದರಂತೆ. ಮಿಕ್ಕ ಮಕ್ಕಳೆಲ್ಲ ಲಂಗ, ಫ್ರಾಕು, ಸೀರೆ ಅಂತ ಬಣ್ಣಬಣ್ಣವಾಗಿ ಬರೆದುಕೊಂಡು ಹೋದರೆ ಇವಳು ಬರೆದದ್ದು ನನ್ನ ಬನೀನು. ಪೆನ್ಸಿಲಿನಲ್ಲಿ ಒಂದು ಚೌಕ, ಮೇಲೆರಡು ಪಟ್ಟಿ, ನಡುವೆ ಬಾಗಿದ ಕತ್ತು. ಹೊಟ್ಟೆಯ ಹತ್ತಿರ ಒಂದು ಸಣ್ಣ ಸೊನ್ನೆ. ಅದೇನಮ್ಮಾ ಅಂತ ಕೇಳಿದರೆ, "ತೂತು ತಾತಾ, ನಿಮ್ಮದರಲ್ಲಿ ಇದೆಯಲ್ಲ" ಅಂದಳು. ಸೊಸೆ ಮುಖ ಆಕಡೆ ತಿರುಗಿಸಿ ನಕ್ಕಳು. ಚಿತ್ರದ ಕೆಳಗೆ ತಮಿಳಿನಲ್ಲಿ ಹೆಸರು ಬರೆದಿದ್ದಾಳೆ. ತಮಿಳಿನಲ್ಲಿ ಪಕಾರಕ್ಕೂ ಬಕಾರಕ್ಕೂ ಒಂದೇ ಅಕ್ಷರ. ಹಾಗಾಗಿ ನನ್ನಂಥ ಕನ್ನಡದವನು ಕೂಡಿಸಿ ಓದಿದರೆ 'ಪನಿಯನ್' ಅಂತಾಗುತ್ತದೆ. ತಮಿಳಿನ ಪನಿ ಅಂದರೆ ಇಬ್ಬನಿ, ನಮ್ಮ ಹನಿಗೆ ಅಕ್ಕನೋ ತಂಗಿಯೋ ಆಗಬೇಕು. ಬೆವರಿನ ಹನಿ ಹೀರೋ ಬಟ್ಟೆಗೆ ಅದೂ ಒಪ್ಪುವ ಹೆಸರೇ ಬಿಡಿ.

ಚಿತ್ರ ನೋಡಿದಷ್ಟೂ ನನಗೆ ಒಂದು ಯೋಚನೆ ಬಂತು. ಪೀತಾಂಬರಕ್ಕೆ ಇತಿಹಾಸ ಉಂಟು, ಮೈಸೂರು ಪೇಟಕ್ಕೆ ಉಂಟು, ಇಳಕಲ್ ಸೀರೆಗೆ ಉಂಟು. ಎಲ್ಲಕ್ಕಿಂತ ಒಳಗೆ, ಚರ್ಮಕ್ಕೆ ಅಂಟಿಕೊಂಡೇ ಇರುವ ಈ ಬಟ್ಟೆಯ ಚರಿತ್ರೆಯನ್ನು ಯಾರು ಕೇಳುತ್ತಾರೆ? ನಾನು ಇತಿಹಾಸಕಾರನಲ್ಲ, ಎಂ.ಕಾಂ. ಓದಿ ಬ್ಯಾಂಕಿನಲ್ಲಿ ಲೆಕ್ಕ ಬರೆದವನು. ಆದರೆ 1987ರಿಂದ ಆರು ವರ್ಷ ಇಲ್ಲೇ ಪಕ್ಕದ ತಿರುಪ್ಪೂರಿನ ಶಾಖೆಯಲ್ಲಿ ಕೆಲಸ ಮಾಡಿದ್ದೇನೆ. ತಿರುಪ್ಪೂರು ಅಂದರೆ ಬನೀನು, ಬನೀನು ಅಂದರೆ ತಿರುಪ್ಪೂರು. ಲೆಕ್ಕದವನು ಬರೆಯುವ ಚರಿತ್ರೆ ಜಮಾ-ಖರ್ಚಿನ ಹಾಗೆಯೇ ಇರುತ್ತದೆ, ಓದುಗರು ಸಹಿಸಿಕೊಳ್ಳಬೇಕು.

ಮೊದಲು ಹೆಸರಿನ ವಿಚಾರ. ಬನಿಯನ್ ಅನ್ನೋದು ಮೂಲದಲ್ಲಿ ಬಟ್ಟೆಯ ಹೆಸರಲ್ಲ, ಮನುಷ್ಯರ ಹೆಸರು. ಗುಜರಾತಿನ ವ್ಯಾಪಾರಿಗಳನ್ನು ಅಲ್ಲಿಯ ಮಾತಿನಲ್ಲಿ ವಾಣಿಯಾ ಅನ್ನುತ್ತಾರೆ. ಸಂಸ್ಕೃತದ ವಣಿಜ್‌ನಿಂದ ಬಂದ ಮಾತು. ನಮ್ಮ ವಾಣಿಜ್ಯವೂ ಅದೇ ಮನೆಯದು, ಅಂದಮೇಲೆ ನನ್ನ ಡಿಗ್ರಿಗೂ ನನ್ನ ಬನೀನಿಗೂ ದಾಯಾದಿ ಸಂಬಂಧ! ಪೋರ್ಚುಗೀಸರ ಬಾಯಲ್ಲಿ, ಆಮೇಲೆ ಇಂಗ್ಲಿಷರ ಬಾಯಲ್ಲಿ ಅದು ಬನಿಯನ್ ಆಯಿತು. ಪರ್ಷಿಯಾ ಕೊಲ್ಲಿಯ ಬಂದರ್ ಅಬ್ಬಾಸಿನ ಬಳಿ ಈ ವ್ಯಾಪಾರಿಗಳು ಒಂದು ದೊಡ್ಡ ಆಲದ ಮರದ ಕೆಳಗೆ ಸೇರುತ್ತಿದ್ದರು. ನೋಡಿದ ಯುರೋಪಿನವರು ಮರಕ್ಕೂ ಅದೇ ಹೆಸರಿಟ್ಟರು. ಹೀಗೆ ಇಂಗ್ಲಿಷಿನಲ್ಲಿ ಆಲದ ಮರಕ್ಕೂ ನಮ್ಮ ಒಳಅಂಗಿಗೂ ಒಂದೇ ಹೆಸರು.

ಆ ವ್ಯಾಪಾರಿಗಳ ಸಡಿಲವಾದ ಉಡುಪನ್ನು ನೋಡಿ ಯುರೋಪಿನ ಗಂಡಸರಿಗೆ ಆಸೆ ಹುಟ್ಟಿತು. ಹೊರಗೆ ಹೋದರೆ ಬಿಗಿಯಾದ ಕೋಟು, ತಲೆಗೆ ಚೌರಿಯ ಟೋಪನ್ನು. ಮನೆಗೆ ಬಂದ ಮೇಲೆ ಅದನ್ನೆಲ್ಲ ಕಿತ್ತೆಸೆದು ಹಾಕಿಕೊಳ್ಳೋಕೆ 17 ಮತ್ತು 18ನೇ ಶತಮಾನಗಳಲ್ಲಿ ಬನಿಯನ್ ಅನ್ನುವ ಉದ್ದನೆಯ ನಿಲುವಂಗಿ ಅಲ್ಲಿ ಬಂತು. ರೇಷ್ಮೆಯದು, ಛೀಟಿನದು. ಲಂಡನ್ನಿನ ಸ್ಯಾಮುಯೆಲ್ ಪೀಪ್ಸ್ ಎಂಬ ಸರ್ಕಾರಿ ಅಧಿಕಾರಿ, ದಿನಚರಿ ಬರೆದು ಹೆಸರಾದವರು, 1666ರಲ್ಲಿ ತಮ್ಮ ಭಾವಚಿತ್ರ ಬರೆಸಿಕೊಳ್ಳುವುದಕ್ಕೆಂದೇ ಇಂಥ ಒಂದು ಇಂಡಿಯನ್ ನಿಲುವಂಗಿಯನ್ನು ಬಾಡಿಗೆಗೆ ತಂದಿದ್ದರು. ನಾವು ಫೋಟೋ ಸ್ಟುಡಿಯೋದವನ ಕೋಟು ಹಾಕಿಕೊಂಡು ನಿಲ್ಲುತ್ತಿರಲಿಲ್ಲವೇ, ಹಾಗೆ. ಅಂದರೆ ಈ ಹೆಸರಿನ ಬಟ್ಟೆ ಹುಟ್ಟಿನಿಂದಲೇ ಮನೆಯೊಳಗಿನ ಬಟ್ಟೆ. ಹೊರಗಿನವರೆದುರು ಅಲ್ಲ, ನಮ್ಮವರ ಮಧ್ಯೆ ಆರಾಮಾಗಿ ಕೂರೋಕೆ.

ಆ ಹೆಸರು ನಿಲುವಂಗಿಯಿಂದ ಜಾರಿ ಭಾರತದಲ್ಲಿದ್ದ ಇಂಗ್ಲಿಷರ ಮಸ್ಲಿನ್ ಒಳಅಂಗಿಗೆ ಬಂತು. ಅಲ್ಲಿಂದ ಮೈಗೆ ಹತ್ತಿಕೊಂಡು ಹಿಗ್ಗುವ ಹೆಣೆದ ಬಟ್ಟೆಗೆ ಬಂತು. 1886ರಲ್ಲಿ ಅಚ್ಚಾದ ಹಾಬ್ಸನ್-ಜಾಬ್ಸನ್ ಎಂಬ ಆಂಗ್ಲೋ-ಇಂಡಿಯನ್ ಶಬ್ದಕೋಶದ ಹೊತ್ತಿಗಾಗಲೇ ಈ ಅರ್ಥ ನಿಂತುಬಿಟ್ಟಿತ್ತು. ಉತ್ತರದವರು ಇದನ್ನೇ ಗಂಜಿ ಅನ್ನುತ್ತಾರೆ. ದೆಹಲಿಗೆ ಟ್ರೈನಿಂಗಿಗೆ ಹೋಗಿದ್ದಾಗ ನಮ್ಮ ಕಡೆಯ ಒಬ್ಬರು, ಅಂಗಡಿಯಲ್ಲಿ ಗಂಜಿ ಯಾಕೆ ಮಾರ್ತಾರೆ, ಇಲ್ಲಿ ಕಾಯಿಲೆಯವರು ಜಾಸ್ತಿಯೇ ಅಂತ ಕೇಳಿದ್ದರು. ಅದು ನಮ್ಮ ಅನ್ನದ ಗಂಜಿಯಲ್ಲ. ಇಂಗ್ಲಿಷ್ ಕಡಲ್ಗಾಲುವೆಯಲ್ಲಿರುವ ಗರ್ನ್ಸಿ ದ್ವೀಪದ ಮೀನುಗಾರರು ತೊಡುತ್ತಿದ್ದ ಹೆಣೆದ ಅಂಗಿಯ ಹೆಸರು ಬಂಗಾಳದ ಬಾಯಲ್ಲಿ ಗೆಂಜಿ ಆಗಿ, ಹಿಂದಿಯಲ್ಲಿ ಗಂಜಿಯಾಯಿತು. ಪಕ್ಕದ ದ್ವೀಪ ಜೆರ್ಸಿ. ಆಟಗಾರರ ಜೆರ್ಸಿ ಅಲ್ಲಿಂದ.

ಹೆಣಿಗೆ ಅಂದೆ, ನೇಯ್ಗೆ ಅನ್ನಲಿಲ್ಲ. ಬನೀನಿನ ಗುಟ್ಟೇ ಅದು. ಪಂಚೆಯಲ್ಲಿ ಹಾಸು-ಹೊಕ್ಕು ಅಡ್ಡ-ಉದ್ದ ಹೆಣೆದುಕೊಂಡಿರುತ್ತವೆ. ಎಳೆದರೆ ಹಿಗ್ಗಲ್ಲ, ಜಾಸ್ತಿ ಎಳೆದರೆ ಹರಿಯುತ್ತದೆ. ಬನೀನಿನಲ್ಲಿ ಒಂದೇ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ಸಾಗುತ್ತದೆ. ಅದಕ್ಕೇ ಅದು ಮೈಯ ಜೊತೆ ಹಿಗ್ಗುತ್ತದೆ, ಕುಗ್ಗುತ್ತದೆ. ಕೈಯಿಂದ ಮಾಡುತ್ತಿದ್ದ ಈ ಕೆಲಸಕ್ಕೆ ಇಂಗ್ಲೆಂಡಿನ ವಿಲಿಯಂ ಲೀ ಎಂಬ ಪಾದ್ರಿ 1589ರಲ್ಲಿ ಯಂತ್ರ ಮಾಡಿದರು, ಕಾಲುಚೀಲಕ್ಕಾಗಿ. ಕಾಲುಚೀಲಕ್ಕೆ ಹೋಸ್ ಅನ್ನುತ್ತಿದ್ದರು. ಆದ್ದರಿಂದಲೇ ಬನೀನಿನ ಅಂಗಡಿಗೆ ಇವತ್ತಿಗೂ 'ಹೊಸೈರಿ' ಅನ್ನುವ ಬೋರ್ಡು. ನಂತರ ದುಂಡನೆಯ ಹೆಣಿಗೆ ಯಂತ್ರ ಬಂತು. ಅದರಲ್ಲಿ ಬಟ್ಟೆ ಕೊಳವೆಯ ಹಾಗೆ ಇಳಿಯುತ್ತದೆ. ನಿಮ್ಮ ಮನೆಯ ಹಳೇ ಮಾದರಿಯ ಬನೀನನ್ನು ಒಮ್ಮೆ ತಿರುಗಿಸಿ ನೋಡಿ, ಪಕ್ಕೆಯಲ್ಲಿ ಹೊಲಿಗೆ ಇರೋದಿಲ್ಲ. ಎದೆಯ ಅಳತೆಗೆ ತಕ್ಕ ಕೊಳವೆಯನ್ನು ಇಳಿಸಿ, ಕತ್ತು-ತೋಳು ಕತ್ತರಿಸಿ, ಭುಜ ಹೊಲಿದರೆ ಬನೀನು ಸಿದ್ಧ.

ನಮ್ಮ ದೇಶದಲ್ಲಿ ಈ ಕೈಗಾರಿಕೆ ಮೊದಲು ಕಾಲೂರಿದ್ದು ಕಲ್ಕತ್ತಾದಲ್ಲಿ, 1890ರ ದಶಕದಲ್ಲಿ. ಸ್ವದೇಶಿ ಚಳವಳಿ ಅದಕ್ಕೆ ಬಲ ಕೊಟ್ಟಿತು. ತಿರುಪ್ಪೂರಿಗೆ ಯಂತ್ರ ಬಂದದ್ದು 1920ರ ದಶಕದಲ್ಲಿ. ಆಗ ಆ ಊರು ಹತ್ತಿಯ ಸಂತೆ. ಮದರಾಸಿನಿಂದ ಪಶ್ಚಿಮ ಕರಾವಳಿಗೆ ಹೋಗುವ ರೈಲು 1860ರ ದಶಕದಲ್ಲೇ ಅದರ ಮೇಲೆ ಹಾದುಹೋಗಿತ್ತು. ಖಾದಿಗೂ ದೊಡ್ಡ ಕೇಂದ್ರ. 1932ರ ಜನವರಿಯಲ್ಲಿ ಬಾವುಟ ಕೈಬಿಡದೆ ಪೊಲೀಸರ ಲಾಠಿಗೆ ಪ್ರಾಣ ಕೊಟ್ಟ ಕುಮಾರನ್ ಆ ಊರಿನವರೆಂದೇ ಹೆಸರಾದವರು. ಒಂದು ಕಡೆ ರಾಟೆ, ಇನ್ನೊಂದು ಕಡೆ ಸೀಮೆಯ ಹೆಣಿಗೆ ಯಂತ್ರ, ಎರಡೂ ಒಂದೇ ಬೀದಿಯಲ್ಲಿ ಬೆಳೆದವು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ವಿದ್ಯುತ್ ಬಂತು. ಕೊಯಮತ್ತೂರಿನ ಸುತ್ತ ನೂಲಿನ ಗಿರಣಿಗಳು ಎದ್ದವು. ನೂಲು ಪಕ್ಕದಲ್ಲೇ, ಕರೆಂಟು ಪಕ್ಕದಲ್ಲೇ, ಬಿಳುಪು ಮಾಡೋಕೆ ನೊಯ್ಯಲ್ ನದಿಯ ನೀರು ಪಕ್ಕದಲ್ಲೇ.

ಬಿಳಿ ಬನೀನು ನಮ್ಮ ಮನೆಗಳಿಗೆ ಬಂದದ್ದು ಈ ದಾರಿಯಲ್ಲಿ. ತಿಪಟೂರು ಕಡೆಯ ನಮ್ಮ ಹಳ್ಳಿಯಲ್ಲಿ ನಮ್ಮಜ್ಜನ ಮೈಮೇಲೆ ಬರೀ ಒಂದು ವಲ್ಲಿ ಇರುತ್ತಿತ್ತು. ಅಪ್ಪನ ಕಾಲಕ್ಕೆ ಅರ್ಧ ತೋಳಿನ ಬನೀನು, ಅದಕ್ಕೊಂದು ಜೇಬು. ಜೇಬಿನಲ್ಲಿ ಎಲೆಅಡಿಕೆ, ಬಸ್ ಟಿಕೆಟ್ಟು, ಕೊಬ್ಬರಿ ಮಂಡಿಯ ಚೀಟಿ. ಅಂಗಿ ಏನಿದ್ದರೂ ಊರಾಚೆ ಹೋಗುವಾಗ. ಹಳೇದಾದ ಬನೀನು ಅಮ್ಮನ ಕೈಗೆ ಹೋಗಿ ಮಸಿಬಟ್ಟೆಯಾಗುತ್ತಿತ್ತು, ಆಮೇಲೆ ಎತ್ತಿನ ಮೈ ಒರೆಸುತ್ತಿತ್ತು. ಒಂದು ನೂಲೂ ದಂಡವಾಗುತ್ತಿರಲಿಲ್ಲ. ಅದೆಲ್ಲ ಎಲ್ಲಿಂದ ಬರುತ್ತೆ ಅಂತ ಆಗ ಯಾರೂ ಕೇಳಲಿಲ್ಲ, ಜಾತ್ರೆ ಅಂಗಡಿಯಿಂದ ಬರುತ್ತೆ ಅಷ್ಟೆ.

ಎಲ್ಲಿಂದ ಬರುತ್ತೆ ಅಂತ ನೋಡಿದ್ದು ಬ್ಯಾಂಕಿನವನಾಗಿ, ಸಾಲ ಕೊಟ್ಟ ಕಡೆ ಸ್ಟಾಕು ತಪಾಸಣೆಗೆ ಹೋದಾಗ. ಒಂದು ಕಡೆ ಹೆಣಿಗೆ, ಒಂದು ಕಡೆ ಬಿಳುಪು, ಇನ್ನೊಂದು ಕಡೆ ಕತ್ತರಿಸೋದು, ಮತ್ತೊಂದು ಕಡೆ ಹೊಲಿಗೆ. ಎಲ್ಲಾ ಬೇರೆ ಬೇರೆ ಯಜಮಾನರು, ಬೇರೆ ಬೇರೆ ಬೀದಿ. ಬಟ್ಟೆ ಎತ್ತಿನ ಗಾಡಿಯಲ್ಲಿ, ಟೆಂಪೋದಲ್ಲಿ, ಸೈಕಲ್ಲಿನ ಕ್ಯಾರಿಯರ್ ಮೇಲೆ ಊರೆಲ್ಲ ಓಡಾಡುತ್ತಿತ್ತು. ಯಜಮಾನರಲ್ಲಿ ಹಲವರು ಹಿಂದೆ ಅದೇ ಯಂತ್ರಗಳ ಮುಂದೆ ಕೂಲಿ ಮಾಡಿದ್ದ ಗೌಂಡರ್ ರೈತ ಮಕ್ಕಳು. ಶರದ್ ಚಾರಿ ಎಂಬ ವಿದ್ವಾಂಸರು ಇದರ ಮೇಲೆಯೇ 2004ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಬ್ಯಾಲೆನ್ಸ್ ಶೀಟು ಓದಲು ಬಾರದವರು ಬಟ್ಟೆಯನ್ನು ಬೆರಳ ನಡುವೆ ತಿಕ್ಕಿ ನೂಲಿನ ನಂಬರು ಹೇಳುತ್ತಿದ್ದರು.

ನನ್ನ ಕೌಂಟರಿಗೆ ಬರುತ್ತಿದ್ದ ಒಬ್ಬ ಹಿರಿಯ ನೂಲಿನ ವ್ಯಾಪಾರಿ ಒಂದು ದಿನ ನನ್ನ ಹೆಸರಿನ ಹಲಗೆ ನೋಡಿ ಕನ್ನಡದಲ್ಲೇ ಮಾತಾಡಿಸಿಬಿಟ್ಟರು. ಅವರು ದೇವಾಂಗದವರು. ಕೊಯಮತ್ತೂರು, ಈರೋಡು, ಸೇಲಂ ಕಡೆಯ ದೇವಾಂಗ ನೇಕಾರರ ಮನೆಮಾತು ಇವತ್ತಿಗೂ ಕನ್ನಡ. ಮನೆದೇವರು ಚೌಡೇಶ್ವರಿ, ಅವರ ಬಾಯಲ್ಲಿ ಸೌಡೇಶ್ವರಿ. ಓದುಬರಹವೆಲ್ಲ ತಮಿಳು, ಮಾತು ಮಾತ್ರ ತಲೆಮಾರುಗಳಿಂದ ಉಳಿಸಿಕೊಂಡ ಕನ್ನಡ. "ನಮ್ಮವರು ಮಗ್ಗ ಇಟ್ಟುಕೊಂಡು ಬಂದವರು ಸ್ವಾಮಿ. ಈಗ ಮಗ್ಗ ಹೋಯ್ತು, ಯಂತ್ರ ಬಂತು. ಮಾತು ಒಂದು ಉಳಿದದೆ" ಅಂದರು. ನಾನು ಪರಸ್ಥಳದವನು ಅನ್ನುವ ಕೊರಗು ಆವತ್ತಿನಿಂದ ಅರ್ಧ ಕಡಿಮೆಯಾಯಿತು. ಊರು ಬಿಟ್ಟು ಬಂದವರಲ್ಲಿ ನಾನೇ ಮೊದಲಿಗನಲ್ಲವಲ್ಲ!

ನಾನು ಹೋಗುವ ಹೊತ್ತಿಗೆ ಊರಲ್ಲಿ ಇನ್ನೂ 1984ರ ಮುಷ್ಕರದ ಮಾತು ಮುಗಿದಿರಲಿಲ್ಲ. ತುಟ್ಟಿಭತ್ಯೆಗಾಗಿ ಬನೀನು ಕಾರ್ಮಿಕರು 127 ದಿನ ಯಂತ್ರ ನಿಲ್ಲಿಸಿದ್ದರು. ಅದೇ ಕಾಲಕ್ಕೆ ಊರಿನ ದಿಕ್ಕೇ ಬದಲಾಗುತ್ತಿತ್ತು. 1978ರ ಸುಮಾರಿಗೆ ಇಟಲಿಯ ಒಬ್ಬ ಖರೀದಿದಾರ ತಿರುಪ್ಪೂರು ಹುಡುಕಿಕೊಂಡು ಬಂದದ್ದನ್ನು ರಫ್ತಿನ ಆರಂಭ ಅಂತ ಊರವರು ನೆನೆಯುತ್ತಾರೆ. ಬಿಳಿ ಬನೀನಿಗೆ ಬಣ್ಣ ಹಾಕಿ, ಎದೆ ಮೇಲೆ ಒಂದು ಚಿತ್ರ ಒತ್ತಿದರೆ ಅದು ಟೀ-ಶರ್ಟ್. ಒಳಗಿದ್ದದ್ದು ಹೊರಗೆ ಬಂತು. 1980ರ ದಶಕದ ಮಧ್ಯದಲ್ಲಿ ವರ್ಷಕ್ಕೆ ಹತ್ತಿಪ್ಪತ್ತು ಕೋಟಿ ರೂಪಾಯಿ ಇದ್ದ ರಫ್ತು 1990ರ ಹೊತ್ತಿಗೆ 300 ಕೋಟಿಯ ಆಸುಪಾಸಿಗೆ ಹೋಯಿತು. 1991ರ ಜುಲೈನಲ್ಲಿ ಎರಡೇ ಕಂತಿನಲ್ಲಿ ರೂಪಾಯಿಯ ಬೆಲೆ ಶೇಕಡಾ 18ರಷ್ಟು ಇಳಿದಾಗ ದೇಶವೆಲ್ಲ ಹೆದರಿತ್ತು. ತಿರುಪ್ಪೂರಿನಲ್ಲಿ ಮಾತ್ರ ಸ್ವೀಟು ಹಂಚಿದ ಗಿರಾಕಿಗಳಿದ್ದರು. ಡಾಲರಿನ ಬಿಲ್ಲಿಗೆ ಹೆಚ್ಚು ರೂಪಾಯಿ ಸಿಗುತ್ತದಲ್ಲ. ಪ್ಯಾಕಿಂಗ್ ಕ್ರೆಡಿಟ್ ಅರ್ಜಿಗಳ ಕಟ್ಟು ಮೇಜಿನ ಮೇಲೆ ಮೊಳದುದ್ದ ಬೆಳೆಯಿತು.

ಪ್ರತಿ ಅರ್ಜಿಯ ಜೊತೆ ಒಂದು ಖರ್ಚಿನ ಪಟ್ಟಿ ಇರುತ್ತಿತ್ತು. ನೂಲು ಇಷ್ಟು, ಹೆಣಿಗೆ ಕೂಲಿ ಇಷ್ಟು, ಬಣ್ಣ ಇಷ್ಟು, ಕತ್ತರಿ, ಹೊಲಿಗೆ, ಡಬ್ಬ, ಲಾರಿ, ಹಡಗು. ನೀರು ಅಂದರೆ ಟ್ಯಾಂಕರಿನ ಬಾಡಿಗೆ. ಸುತ್ತಲಿನ ಹಳ್ಳಿಗಳ ತೋಟದ ಬಾವಿಗಳಿಂದ ಟ್ಯಾಂಕರ್ ಲಾರಿಗಳು ಹಗಲು ರಾತ್ರಿ ನೀರು ತರುತ್ತಿದ್ದವು. ಕೆಲವು ರೈತರಿಗೆ ಬೆಳೆಗಿಂತ ನೀರು ಮಾರೋದೇ ಲಾಭ. ಒಳಗೆ ಬಂದ ನೀರಿಗೆ ಬೆಲೆ ಇತ್ತು. ಹೊರಗೆ ಹೋದ ನೀರಿಗೆ ಯಾವ ಬ್ಯಾಂಕಿನ ನಮೂನೆಯಲ್ಲೂ ಕಾಲಂ ಇರಲಿಲ್ಲ. ಬಿಳುಪಿಗೆ ಕ್ಲೋರಿನ್ನಿನ ಪುಡಿ ಬೇಕು. ಬಣ್ಣಕ್ಕಂತೂ ಉಪ್ಪು ಬೇಕೇ ಬೇಕು, ಬಣ್ಣ ಹತ್ತಿಗೆ ಕಚ್ಚಿಕೊಳ್ಳೋದಕ್ಕೆ. ಬಣ್ಣ ಬಟ್ಟೆಯಲ್ಲಿ ಉಳಿಯುತ್ತದೆ, ಉಪ್ಪು ನೀರಿನಲ್ಲಿ ಹೋಗುತ್ತದೆ. ಕಣ್ಣಿಗೆ ಕಾಣುವ ಕೆಂಪು-ನೀಲಿಯನ್ನು ಹೇಗೋ ತೆಗೆಯಬಹುದು; ಕರಗಿದ ಉಪ್ಪನ್ನು ತೆಗೆಯೋದು ಬಹಳ ದುಬಾರಿ. ಬನೀನು ಬಿಳಿಯಾಗಿದ್ದ ಕಾಲಕ್ಕಿಂತ, ಅದು ಬಣ್ಣದ ಟೀ-ಶರ್ಟ್ ಆದ ಕಾಲ ನೊಯ್ಯಲ್‌ಗೆ ಹೆಚ್ಚು ಕೇಡಾಯಿತು.

ನೊಯ್ಯಲ್ ಬಗ್ಗೆ ನಮ್ಮ ಊರಿನವರಿಗೆ ಹೇಳಬೇಕು. ಕೊಯಮತ್ತೂರಿನ ಪಶ್ಚಿಮಕ್ಕೆ ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟಿ, ಪೇರೂರಿನ ಶಿವ ದೇವಸ್ಥಾನದ ಪಕ್ಕ ಹಾದು, ತಿರುಪ್ಪೂರನ್ನು ಸೀಳಿಕೊಂಡು, ಸುಮಾರು 170 ಕಿಲೋಮೀಟರು ಹರಿದು ಕಾವೇರಿ ಸೇರುವ ನದಿ. ಹಳೇ ಹೆಸರು ಕಾಂಚಿ. ಇದರ ಕೆಳಭಾಗದ ರೈತರಿಗಾಗಿ ಒರತ್ತುಪ್ಪಾಳಯಂ ಎಂಬಲ್ಲಿ ಒಂದು ಅಣೆಕಟ್ಟು ಕಟ್ಟಿದರು, 1992ರ ಹೊತ್ತಿಗೆ ಮುಗಿಯಿತು. ಕೆಲವೇ ವರ್ಷಗಳಲ್ಲಿ ಅದೇ ರೈತರು ದಯವಿಟ್ಟು ನೀರು ಬಿಡಬೇಡಿ ಅಂತ ಕೇಳುವ ಸ್ಥಿತಿ ಬಂತು. ಅಣೆಕಟ್ಟು ಹಿಡಿದಿಟ್ಟದ್ದು ಹೊಳೆಯ ನೀರನ್ನಲ್ಲ, ಬಣ್ಣದ ಕಾರ್ಖಾನೆಗಳ ನೀರನ್ನು.

ನನ್ನ ಅಲ್ಲಿಯ ಕೊನೆಯ ವರ್ಷ ಆ ಕಡೆಯ ರೈತರೊಬ್ಬರು ಬೆಳೆಸಾಲದ ವಾಯಿದೆ ಮುಂದೂಡಿಸಲು ಶಾಖೆಗೆ ಬಂದಿದ್ದರು. ತೆಂಗಿನ ತೋಟದವರು. ನಾನೂ ತೆಂಗಿನ ಸೀಮೆಯವನು ಅಂದಮೇಲೆ ಮಾತಿಗೆ ಮಾತು ಬೆಳೆಯಿತು. "ಸಾರ್, ನಮ್ಮ ಬಾವಿ ನೀರಿಗೆ ಸೋಪು ಹಾಕಿದರೆ ನೊರೆ ಬರಲ್ಲ. ಹಸು ಮೂತಿ ಇಟ್ಟು ಹಾಗೇ ತಿರುಗುತ್ತೆ. ಗಿಡದಲ್ಲಿ ಹೀಚು ನಿಲ್ಲಲ್ಲ. ಮಳೆ ಬಂದಿಲ್ಲ ಅಂದರೆ ಸರ್ಕಾರ ಬರಗಾಲ ಅನ್ನುತ್ತೆ, ನೀರಿದ್ದೂ ಬೆಳೆ ಹೋದರೆ ಅದಕ್ಕೆ ಏನು ಅನ್ನಬೇಕು?" ಅಂದರು. ನನಗೆ ಗೊತ್ತಿದ್ದ ಯಾವ ಫಾರಂನಲ್ಲೂ ಅದಕ್ಕೆ ಹೆಸರಿರಲಿಲ್ಲ. ತೆಂಗಿನ ಗಿಡ ಅಂದರೆ ಏನು ಅಂತ ತಿಪಟೂರಿನವನಿಗೆ ಯಾರೂ ಹೇಳಬೇಕಿಲ್ಲ. ಅಪ್ಪ ನೆಟ್ಟರೆ ಮಗ, ಮೊಮ್ಮಗ ತಿನ್ನುವ ಗಿಡ ಅದು. ಅವರ ಮೈಮೇಲೆ ಇದ್ದದ್ದು ಜೇಬಿನ ಅರ್ಧ ತೋಳಿನ ಬನೀನು, ನಮ್ಮಪ್ಪ ಹಾಕುತ್ತಿದ್ದಂಥದ್ದೇ. ತಿರುಪ್ಪೂರಿನದ್ದೇ ಇರಬೇಕು.

ಆಮೇಲಿನದ್ದು ಕೋರ್ಟಿನ ಚರಿತ್ರೆ. ಕೆಳಭಾಗದ ರೈತರು ಹೈಕೋರ್ಟಿಗೆ ಹೋದರು. 2006ರಲ್ಲಿ ಮದ್ರಾಸ್ ಹೈಕೋರ್ಟು, ಒಂದು ತೊಟ್ಟೂ ಕೊಳೆನೀರು ಹೊರಬಿಡಕೂಡದು ಅನ್ನುವ ಕಟ್ಟಲೆಗೆ ಕಾರ್ಖಾನೆಗಳನ್ನು ಒಳಪಡಿಸಿತು. 2009ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಆದರೂ ನಡೆಯದಿದ್ದಾಗ 2011ರ ಜನವರಿ ಕೊನೆಯಲ್ಲಿ 700ಕ್ಕೂ ಹೆಚ್ಚು ಬಣ್ಣ-ಬಿಳುಪಿನ ಘಟಕಗಳನ್ನು ಮುಚ್ಚಬೇಕು, ಕರೆಂಟು ಕತ್ತರಿಸಬೇಕು ಅಂತ ಹೈಕೋರ್ಟು ಆಜ್ಞೆ ಮಾಡಿತು. ಊರು ಸ್ತಬ್ಧವಾಯಿತು. ಬಣ್ಣದವನು ಮುಚ್ಚಿದರೆ ಹೊಲಿಯುವವನಿಗೆ ಕೆಲಸವಿಲ್ಲ, ಹೊಲಿಯುವವನಿಗೆ ಕೆಲಸವಿಲ್ಲದಿದ್ದರೆ ಮೂಲೆಯ ಟೀ ಅಂಗಡಿಗೂ ವ್ಯಾಪಾರವಿಲ್ಲ. ಬಿಹಾರ, ಒಡಿಶಾಗಳಿಂದ ಬಂದಿದ್ದ ಹುಡುಗರು ಗಂಟುಮೂಟೆ ಕಟ್ಟಿ ರೈಲು ಹತ್ತಿದರು. ರೈತರದ್ದು ನ್ಯಾಯ, ಕೆಲಸ ಕಳೆದುಕೊಂಡವರದ್ದು ಹೊಟ್ಟೆ. ಎರಡನ್ನೂ ಕಣ್ಣಾರೆ ಕಂಡವರಿಗೆ ಯಾರ ಪರ ಮಾತಾಡೋದೂ ಸುಲಭವಲ್ಲ.

ಇನ್ನೊಂದು ಬಾಬತ್ತನ್ನೂ ಖರ್ಚಿನ ಕಡೆ ಬರೆಯಬೇಕು. ಈ ಬಟ್ಟೆಯ ನೂಲು ಬರುವ ಗಿರಣಿಗಳಲ್ಲಿ ಬಡ ಜಿಲ್ಲೆಗಳ ಹೆಣ್ಣುಮಕ್ಕಳನ್ನು ಮೂರು ವರ್ಷದ ಕರಾರಿಗೆ ಹಾಸ್ಟೆಲಿನಲ್ಲಿಟ್ಟು ದುಡಿಸಿ, ಕೊನೆಗೆ ಮದುವೆಗೆಂದು ಇಡಿಗಂಟು ಕೊಡುವ ಪದ್ಧತಿ ಇತ್ತು. ಹೆಸರು 'ಸುಮಂಗಲಿ'. ಮಧ್ಯೆ ಕಾಯಿಲೆಯಾಗಿ ಹೊರಟರೆ ಎಷ್ಟೋ ಸಲ ಗಂಟೂ ಇಲ್ಲ. 2011ರಲ್ಲಿ ನೆದರ್ಲೆಂಡ್ಸಿನ ಸಂಸ್ಥೆಗಳು ಇದರ ವರದಿ ಹೊರತಂದ ಮೇಲೆ ಯುರೋಪಿನ ಖರೀದಿದಾರರು ಬಾಯಿ ಬಿಟ್ಟರು. ಅಲ್ಲಿಯವರೆಗೆ ಅವರೂ ಕೇಳಿದ್ದು ದರ ಮತ್ತು ತಾರೀಖು ಮಾತ್ರ.

ಜಮಾ ಕಡೆಯೂ ಇದೆ, ಬಿಡಬಾರದು. ಬಾಗಿಲು ಮುಚ್ಚಿದ ಏಟಿಗೆ ಊರು ಕಲಿಯಿತು. ಹತ್ತಾರು ಘಟಕಗಳು ಸೇರಿ ನಡೆಸುವ 18 ಸಾಮೂಹಿಕ ಶುದ್ಧೀಕರಣ ಸ್ಥಾವರಗಳಲ್ಲಿ ಈಗ ಕೊಳೆನೀರನ್ನು ಸೋಸಿ, ಕುದಿಸಿ ಆವಿ ಮಾಡಿ, ನೀರನ್ನೂ ಉಪ್ಪನ್ನೂ ಮತ್ತೆ ಬಳಸುತ್ತಾರೆ. ದುಬಾರಿ ಕೆಲಸ, ಆದರೆ ನಡೆಯುತ್ತಿದೆ. ಟ್ಯಾಂಕರುಗಳ ಬದಲು 2005ರ ನಂತರ ದಿನಕ್ಕೆ 185 ದಶಲಕ್ಷ ಲೀಟರ್ ತರುವ ಕೊಳವೆ ಯೋಜನೆ ಬಂತು. 2024-25ರಲ್ಲಿ ರಫ್ತು 40 ಸಾವಿರ ಕೋಟಿ ರೂಪಾಯಿಯ ಹತ್ತಿರ ಹೋಯಿತು ಅಂತ ರಫ್ತುದಾರರ ಲೆಕ್ಕ. ಲಕ್ಷಗಟ್ಟಲೆ ಜನ, ಅದರಲ್ಲೂ ಹೆಂಗಸರು, ಬೇರೆ ಕಡೆ ಸಿಗದ ಸಂಬಳ ಇಲ್ಲಿ ಕಂಡಿದ್ದಾರೆ. ಕೂಲಿಯವನ ಮಗ ಕಂಪನಿ ನಡೆಸೋದನ್ನು ನಾನೇ ನೋಡಿದ್ದೇನೆ. ಆದರೆ ಭೂಮಿಗೆ ಇಳಿದ ಉಪ್ಪು ಕೋರ್ಟಿನ ಆಜ್ಞೆಗೆ ಹೆದರಿ ಎದ್ದು ಬರೋದಿಲ್ಲ. ಅದನ್ನು ತೊಳೆಯೋದು ಮಳೆ ಮಾತ್ರ, ಅದಕ್ಕೆ ಎಷ್ಟು ವರ್ಷವಾದರೂ ಬೇಕು.

ವಾಣಿಜ್ಯಶಾಸ್ತ್ರದಲ್ಲಿ ನಮಗೆ ಹೇಳಿಕೊಟ್ಟ ಮೊದಲ ಪಾಠ, ಪ್ರತಿ ಜಮಾಕ್ಕೂ ಎಲ್ಲೋ ಒಂದು ಖರ್ಚು ಇದ್ದೇ ಇರುತ್ತದೆ ಅಂತ. ಒಂದು ಪುಸ್ತಕದಲ್ಲಿ ಕಾಣದಿದ್ದರೆ ಇನ್ನೊಬ್ಬರ ಪುಸ್ತಕದಲ್ಲಿ ಬಿದ್ದಿರುತ್ತದೆ. ಬನೀನು ಅಷ್ಟು ಅಗ್ಗವಾಗಿ ನಮ್ಮ ಮೈಗೆ ಬಂದದ್ದು ಅದರ ಒಂದು ಪಾಲು ಖರ್ಚನ್ನು ನದಿಯ ಕೆಳಗಿನವರ ಪುಸ್ತಕದಲ್ಲಿ ಬರೆದದ್ದರಿಂದ.

ನಮ್ಮ ಎರಡು ರಾಜ್ಯಗಳೂ ಕಾವೇರಿಯ ನೀರನ್ನು ಟಿಎಂಸಿಯಲ್ಲಿ ಅಳೆದು ಅಳೆದು ಕೋರ್ಟು ಕಚೇರಿ ಸುತ್ತಿವೆ. ಎಷ್ಟು ನೀರು ಅನ್ನುವ ಲೆಕ್ಕವೇ ಅಲ್ಲಿ ಎಲ್ಲ. ಎಂಥ ನೀರು ಅಂತ ಕೇಳಿದವರು ನೊಯ್ಯಲ್ ದಂಡೆಯ ಈ ರೈತರು. ಕೊಡುಮುಡಿಯಿಂದ ಸ್ವಲ್ಪ ಕೆಳಗೆ, ನೊಯ್ಯಲ್ ಅನ್ನುವ ಹೆಸರಿನ ಊರಿನ ಬಳಿಯೇ ಈ ನದಿ ಕಾವೇರಿಗೆ ಸೇರುತ್ತದೆ. ಕನ್ನಂಬಾಡಿ ಕಟ್ಟೆಯಿಂದ ಬಿಟ್ಟ ನೀರು ಮೆಟ್ಟೂರು ದಾಟಿ ಅದೇ ದಾರಿಯಲ್ಲಿ ಬರುತ್ತದೆ. ಅಲ್ಲಿಂದ ಮುಂದೆ ಎರಡಕ್ಕೂ ಒಂದೇ ಹೆಸರು.